ಕೃಷ್ಣಾ ಸ್ಟೇಷನ್ ತೆಲಂಗಾಣದಲ್ಲಿ ಯಾಕಿದೆ?

ಯಾದಗಿರಿಯಲ್ಲಿ ರೈಲು ಹತ್ತಿ ರಾಯಚೂರಿಗೆ ಬರುವವರು ನಡುವೆ ತೆಲಂಗಾಣ ದಾಟುತ್ತಾರೆ. ಹೊಳೆಯ ಉತ್ತರ ದಂಡೆಯ ಕೃಷ್ಣಾ ಸ್ಟೇಷನ್ ನಾರಾಯಣಪೇಟೆ ಜಿಲ್ಲೆಯದು. ಸೇತುವೆ ದಾಟಿದರೆ ಚಿಕ್ಕಸೂಗೂರು, ಮತ್ತೆ ಕರ್ನಾಟಕ. ಗೊಂದಲ ಸಹಜ, ಆದರೆ ತಪ್ಪು ರೈಲಿನದಲ್ಲ. ಇಲ್ಲಿ ಸೇತುವೆ ಮೊದಲು ಬಂತು, ರಾಜ್ಯದ ಗಡಿ ಆಮೇಲೆ.

1871ರಲ್ಲಿ ಬೊಂಬಾಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸು ಕಡೆಯಿಂದ ಮದ್ರಾಸ್ ರೈಲ್ವೆ ಬಂದು ರಾಯಚೂರಿನಲ್ಲಿ ಕೂಡಿದವು. ಕೃಷ್ಣೆಯ ಸೇತುವೆ ಮೊದಲನೆಯ ಕಂಪನಿಯದು, ದಕ್ಷಿಣದ ತುಂಗಭದ್ರೆಯದು ಎರಡನೆಯದರದು. ಆಗ ಕೃಷ್ಣೆಯ ಎರಡೂ ದಂಡೆ ನಿಜಾಮರ ಸೀಮೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಮೈಸೂರಿಗೆ, ಉತ್ತರ ದಂಡೆಯ ಮಹಬೂಬನಗರ ಆಂಧ್ರಕ್ಕೆ (ಈಗ ತೆಲಂಗಾಣ) ಹೋಯಿತು. ಆಚೆ ದಂಡೆಯ ಹಲವು ಊರುಗಳ ಮನೆಮಾತು ಇಂದಿಗೂ ಕನ್ನಡ, ಕನ್ನಡ ಶಾಲೆಗಳೂ ಇವೆ. ಆಸ್ಪತ್ರೆ, ಕಾಲೇಜು, ಸಂತೆ ಅಂದರೆ ಅವರಿಗೆ ರಾಯಚೂರೇ ಹತ್ತಿರ.

ಹಳೆಯ ಸೇತುವೆಯ ಉದ್ದ ಸುಮಾರು 3,850 ಅಡಿ. ಗಂಗೆಯಂಥ ಮರಳುಹೊಳೆಯಲ್ಲಾದರೆ ಕಂಬಕ್ಕೆ ಬಾವಿಯಂಥ ಆಳವಾದ ಅಡಿಪಾಯ ಇಳಿಸಬೇಕು. ಇಲ್ಲಿ ಹೊಳೆಯ ತಳವೇ ಕಲ್ಲುಬಂಡೆ, ಹಾಗಾಗಿ ಕಂಬದ ಬುಡ ಕೊರೆದುಹೋಗುವ ಭಯ ಕಡಿಮೆ. ಭಯವಿರುವುದು ನೀರಿನ ಎತ್ತರಕ್ಕೆ. ರೈಲು ಸೇತುವೆಗಳ ಕಂಬಕ್ಕೆ ಅಪಾಯಮಟ್ಟದ ಕೆಂಪು ಪಟ್ಟಿ ಬಳಿದಿರುತ್ತಾರೆ. ನೀರು ಅದರತ್ತ ಏರಿದರೆ ಕಾವಲು ಹಾಕಿ ರೈಲಿನ ವೇಗ ಇಳಿಸುತ್ತಾರೆ, ಮೀರಿದರೆ ರೈಲನ್ನೇ ತಡೆಯುತ್ತಾರೆ.

ಮಳೆಗಾಲದಲ್ಲಿ ಇಲ್ಲಿಗೆ ಬರುವವರು ನಾರಾಯಣಪುರ ಜಲಾಶಯದಿಂದ ಇಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿಯೊಂದನ್ನೇ ನೋಡಿ ಲೆಕ್ಕ ಹಾಕಬೇಡಿ. ಸೇತುವೆಗಿಂತ ಸ್ವಲ್ಪ ಮೇಲೆ ಭೀಮಾ ಬಂದು ಕೂಡುತ್ತಾಳೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಕೆಲವು ದಿನ ತಡವಾಗಿ ಮುಟ್ಟುತ್ತದೆ. ಎರಡೂ ಒಟ್ಟಿಗೆ ಬಂದಾಗಲೇ ದಂಡೆಯ ಊರುಗಳಿಗೆ ನಿಜವಾದ ಕಷ್ಟ.

ರಸ್ತೆಗೆ ಸೇತುವೆ ಆದದ್ದು ಬಹಳ ತಡವಾಗಿ. ದೇವಸೂಗೂರಿನ ಹತ್ತಿರ ನಿಜಾಮ ಸರ್ಕಾರ ಕಟ್ಟಿಸಿದ ಸಿರತ್-ಎ-ಜೂದಿ ಮುಗಿದದ್ದು 1943ರಲ್ಲಿ. ರೈಲು ಹೊಳೆ ದಾಟತೊಡಗಿ ಆಗ 72 ವರ್ಷ! ಅಲ್ಲಿಯವರೆಗೆ ಗಾಡಿಯವರಿಗೆ ಹರಿಗೋಲೇ ಗತಿ.

2023ರ ಅಕ್ಟೋಬರಿನಿಂದ ಕೃಷ್ಣಾ ಬರೀ ದಾಟುವ ಸ್ಟೇಷನ್ ಅಲ್ಲ. ದೇವರಕದ್ರ ಕಡೆಯ ಹೊಸ ಹಳಿ ಅಲ್ಲಿ ಕೂಡಿಕೊಂಡಿದೆ. ರಾಯಚೂರಿನಿಂದ ಮಹಬೂಬನಗರಕ್ಕೆ ಈಗ ಈ ದಾರಿಯಲ್ಲೂ ಹೋಗಬಹುದು. ಆದರೆ ಎಕ್ಸ್‌ಪ್ರೆಸ್‌ಗಳೆಲ್ಲ ಕೃಷ್ಣಾದಲ್ಲಿ ನಿಲ್ಲುವುದಿಲ್ಲ. ಅಲ್ಲೇ ಇಳಿಯಬೇಕೆಂದರೆ ಟಿಕೆಟ್ ತೆಗೆಯುವ ಮೊದಲು ನಿಲುಗಡೆ ಕೇಳಿಕೊಳ್ಳಿ.