ಬಾಯಿಯ ಫಂಗಸ್‌ಗೆ ನೀಲಿ ಬಣ್ಣ ಹಚ್ಚಿ ಲೇಸರ್ ಬಿಡುವ ಚಿಕಿತ್ಸೆ: ಮಾಡಿಸಬೇಕಾ, ಬೇಡವಾ?

ನಿಮ್ಮ ಅಮ್ಮನಿಗೆ ಮೇಲೆ ಹಲ್ಲುಸೆಟ್ಟು, ಕೆಳಗೆ ಸ್ವಂತ ಹಲ್ಲು. ಅಂಗುಳ ಕೆಂಪಾಗಿ ಉರಿಯುತ್ತದೆ. ಫಂಗಸ್ ಔಷಧಿ ಹಚ್ಚಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಈಗ ಡಾಕ್ಟರು ನೀಲಿ ಬಣ್ಣ ಹಚ್ಚಿ ಲೇಸರ್ ಬಿಡೋಣ, ಕೆಳಗಿನ ವಸಡಿಗೂ ಅದನ್ನೇ ಮಾಡೋಣ ಅಂದಿದ್ದಾರೆ. ಇದು ನಿಜವಾದ ಚಿಕಿತ್ಸೆಯಾ, ಸುಮ್ನೆ ದುಡ್ಡಿಗಾಗಿ ಹೇಳಿದ್ದಾ ಅನ್ನುವುದು ನಿಮ್ಮ ಅನುಮಾನ, ಅಲ್ವಾ?

ನಾನು ದಂತವೈದ್ಯೆ. ಈ ಚಿಕಿತ್ಸೆ ನಾನೂ ಮಾಡುತ್ತೇನೆ. ಇದು ನಿಜವಾದದ್ದೇ. ಆದರೆ ಅಂಗುಳಕ್ಕಾದರೆ ಮಾಡಿಸಿ ಅನ್ನುತ್ತೇನೆ, ವಸಡಿಗಾದರೆ ಸ್ವಲ್ಪ ತಡೆಯಿರಿ ಅನ್ನುತ್ತೇನೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಅಲ್ಲಿ ಬಿಡುವ ಕೆಂಪು ಬೆಳಕೊಂದರಿಂದಲೇ ಫಂಗಸ್ ಸಾಯುವುದಿಲ್ಲ. ಮಿಥಿಲೀನ್ ಬ್ಲೂ ಎಂಬ ಆ ನೀಲಿ ಬಣ್ಣವೂ ಕತ್ತಲಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಬಣ್ಣ ಮೊದಲು ಫಂಗಸ್‌ಗೆ ಅಂಟಿಕೊಳ್ಳಬೇಕು. ಆಮೇಲೆ 660 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬಿದ್ದರೆ ಬಣ್ಣ ಆ ಶಕ್ತಿಯನ್ನು ಹೀರಿಕೊಂಡು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಈ ಆಮ್ಲಜನಕ ಕೈಗೆ ಸಿಕ್ಕಿದ್ದನ್ನೆಲ್ಲ ಹಾಳು ಮಾಡುತ್ತದೆ: ಪೊರೆ, ಪ್ರೋಟೀನ್, ಡಿಎನ್‌ಎ. ಹೀಗೆ ಎಲ್ಲ ಕಡೆಯಿಂದ ಒಟ್ಟಿಗೆ ಹೊಡೆತ ಬೀಳುವುದರಿಂದ ಮಾಮೂಲಿ ಔಷಧಿಗೆ ಬಗ್ಗದ ಫಂಗಸ್ ಕೂಡ ಇದಕ್ಕೆ ಬಗ್ಗುತ್ತದೆ. ಆದರೆ ನೀರಿನಲ್ಲಿ ಆ ಆಮ್ಲಜನಕದ ಆಯಸ್ಸು ಕೆಲವೇ ಮೈಕ್ರೋಸೆಕೆಂಡ್. ಹುಟ್ಟಿದ ಜಾಗ ಬಿಟ್ಟು ದೂರ ಹೋಗುವಷ್ಟು ಹೊತ್ತು ಅದು ಇರುವುದೇ ಇಲ್ಲ. ಬಣ್ಣ ತಾಗದ ಕಡೆ, ಬೆಳಕು ಬೀಳದ ಕಡೆ, ಆಮ್ಲಜನಕ ಇಲ್ಲದ ಕಡೆ ಏನೂ ಆಗುವುದಿಲ್ಲ.

ಇದೇನು ಹೊಸ ವಿದ್ಯೆ ಅಲ್ಲ. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅಕ್ರಿಡಿನ್ ಬಣ್ಣದಲ್ಲಿ ಬಿಟ್ಟ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿ ಬೆಳಕಿದ್ದಾಗ ಬೇಗ ಸಾಯುವುದನ್ನು ಕಂಡು, 1900ರಲ್ಲಿ ಅದನ್ನು ಪ್ರಕಟಿಸಿದ. ಈಗ ಅರಿಶಿನದ ಕರ್ಕ್ಯುಮಿನ್ ಅನ್ನೂ ಬಣ್ಣವಾಗಿ ಬಳಸುತ್ತಾರೆ, ಅದಕ್ಕೆ ನೀಲಿ ಬೆಳಕು ಬೇಕು. ಹಾಗಂತ ಅರಿಶಿನ ಮೆತ್ತಿಕೊಂಡು ಬಿಸಿಲಿಗೆ ಬಾಯಿ ತೆರೆದು ಕೂರಬೇಡಿ!

ಇನ್ನು ಅಮ್ಮನ ಅಂಗುಳ. ಸೆಟ್ಟು ತೆಗೆದು ನೋಡಿ. ಕೆಂಪು ಜಾಗದ ಅಂಚು ಸೆಟ್ಟಿನ ಅಂಚಿಗೇ ಸರಿಯಾಗಿ ಕೂಡುತ್ತಿದೆಯಾ? ಹಾಗಿದ್ದರೆ ಕ್ಯಾಂಡಿಡಾ ಎಂಬ ಈ ಫಂಗಸ್ ಬರೀ ಬಾಯಲ್ಲಿ ಇಲ್ಲ, ಸೆಟ್ಟಿನಲ್ಲೂ ಇದೆ. ಅಂಗುಳಕ್ಕೆ ತಾಗುವ ಅದರ ಒಳಮೈ ಪಾಲಿಶ್ ಇಲ್ಲದೆ ತರಿತರಿಯಾಗಿರುತ್ತದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಫಂಗಸ್ ಪಾಚಿಯ ಹಾಗೆ ಪದರ ಕಟ್ಟುತ್ತದೆ. ಅಂಗುಳಕ್ಕೆ ಎಷ್ಟು ಔಷಧಿ ಹಚ್ಚಿದರೂ ಅದೇ ಸೆಟ್ಟನ್ನು ಹಾಗೇ ಮತ್ತೆ ಹಾಕಿಕೊಂಡರೆ ಎಲ್ಲ ಮೊದಲಿನಿಂದ ಶುರು. ಬೆಳಕಿನ ಚಿಕಿತ್ಸೆಗೂ ಇದೇ ಮಾತು. ನಿಸ್ಟಾಟಿನ್ ಎಂಬ ಫಂಗಸ್ ಔಷಧಿಯ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಗುಣ ಕಂಡಿದೆ, ಎರಡರಲ್ಲೂ ಹಲವರಿಗೆ ಮರುಕಳಿಸಿದೆ. ಹಾಗಾಗಿ ಡಾಕ್ಟರನ್ನು ಮೊದಲು ಕೇಳಬೇಕಾದ್ದು, ಸೆಟ್ಟಿನ ಒಳಮೈಗೂ ಬಣ್ಣ ಹಚ್ಚಿ ಬೆಳಕು ಬಿಡುತ್ತೀರಾ ಅಂತ. ಇಲ್ಲ ಅಂದರೆ ಅದನ್ನು ಬೇರೆ ಹೇಗೆ ಶುದ್ಧ ಮಾಡುತ್ತೀರಿ ಅಂತ ಕೇಳಿ. ಸಡಿಲವಾಗಿದ್ದರೆ ಸರಿಮಾಡಿಸಿ. ರಾತ್ರಿ ತೆಗೆದಿಡಲೇಬೇಕು, ಇದರಲ್ಲಿ ಮಾತ್ರ ರಾಜಿ ಇಲ್ಲ.

ಹಾಗಾದರೆ ಔಷಧಿ ಬಿಟ್ಟು ಬೆಳಕು ಯಾಕೆ ಬೇಕು? ಅಮ್ಮ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಫಂಗಸ್ ಔಷಧಿಗಳಾದ ಮೈಕೊನಝೋಲ್ ಜೆಲ್, ಫ್ಲುಕೊನಝೋಲ್ ಎರಡೂ ಅದರ ಪ್ರಭಾವ ಜಾಸ್ತಿ ಮಾಡುತ್ತವೆ, ರಕ್ತಸ್ರಾವದ ಭಯ ಇರುತ್ತದೆ. ಅಂಥವರಿಗೆ ನಾನು ಬೆಳಕನ್ನೇ ಮೊದಲು ಯೋಚಿಸುತ್ತೇನೆ. ದಿನಕ್ಕೆ ನಾಲ್ಕು ಸಲ ಔಷಧಿ ಹಾಕಿಕೊಳ್ಳಲು ಮರೆಯುವವರಿಗೂ ಅಷ್ಟೆ.

ಕುರ್ಚಿಯಲ್ಲಿ ನಡೆಯುವುದು ಇಷ್ಟು: ಅಂಗುಳ ಒರೆಸಿ ಬಣ್ಣ ಹಚ್ಚಿ ಕೆಲವು ನಿಮಿಷ ಬಿಡುತ್ತೇವೆ. ಹೆಚ್ಚಾದ ಬಣ್ಣ ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಬಣ್ಣವೇ ಬೆಳಕನ್ನು ನುಂಗಿಬಿಡುತ್ತದೆ. ಕಣ್ಣಿಗೆ ಕನ್ನಡಕ ಹಾಕಿ ಒಂದೊಂದೇ ಜಾಗಕ್ಕೆ ಬೆಳಕು ಹಿಡಿಯುತ್ತೇವೆ. ಸ್ವಲ್ಪ ಬೆಚ್ಚಗೆ ಅನ್ನಿಸಬಹುದು. ನಾಲಿಗೆ, ತುಟಿ ಸ್ವಲ್ಪ ಹೊತ್ತು ನೀಲಿಯಾಗಿರುತ್ತದೆ, ಮೊದಲೇ ಹೇಳದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ವಸಡಿನ ಕತೆ ಬೇರೆ. ಹಲ್ಲು ಮತ್ತು ವಸಡಿನ ನಡುವಿನ ಆಳವಾದ ಸಂದಿಯಲ್ಲಿ ಆಮ್ಲಜನಕ ಕಡಿಮೆ. ರಕ್ತ ಒಸರಿ ಬಣ್ಣ ತೊಳೆದುಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಗ್ರಾಂ ನೆಗೆಟಿವ್ ಜಾತಿಯವು, ಅವುಗಳ ಹೊರಪೊರೆ ಬಣ್ಣವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಬೇರಿನ ಮೇಲೆ ಕಲ್ಲು ಕಟ್ಟಿದ್ದರೆ ಬೆಳಕು ಅದನ್ನು ಕರಗಿಸುವುದೂ ಇಲ್ಲ. ವಸಡು ಸೋಂಕಿನ ಬಗ್ಗೆ 2020ರಲ್ಲಿ ಬಂದ ಯುರೋಪಿನ ಮಾರ್ಗಸೂಚಿ, ಆಳದ ಕ್ಲೀನಿಂಗ್ ಜೊತೆಗೆ ಈ ಬೆಳಕಿನ ಚಿಕಿತ್ಸೆ ಸೇರಿಸುವುದು ಬೇಡ ಅಂತಲೇ ಸೂಚಿಸಿತು. ನನ್ನ ಅಭಿಪ್ರಾಯವೂ ಅದೇ: ಮೊದಲು ಕ್ಲೀನಿಂಗ್ ಮಾಡಿಸಿ, ಸುಮಾರು ಮೂರು ತಿಂಗಳ ನಂತರ ಸಂದಿಯ ಆಳ ಅಳೆಸಿ. ಬರೀ ಲೇಸರ್ ಸಾಕು, ಕ್ಲೀನಿಂಗ್ ಬೇಡ ಅಂದರೆ ಬೇರೆ ಡಾಕ್ಟರನ್ನು ನೋಡಿ.

ಅಮ್ಮನ ಸಕ್ಕರೆ ಮಟ್ಟ ಪರೀಕ್ಷೆ ಮಾಡಿಸಿ. ಆಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ಇದ್ದರೆ ಪ್ರತಿ ಸಲ ಬಾಯಿ ಮುಕ್ಕಳಿಸಲಿ. ರಕ್ತಕಣಗಳಲ್ಲಿರುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದರೆ, ಖಿನ್ನತೆಗೆ ಮಾತ್ರೆ ನಡೆಯುತ್ತಿದ್ದರೆ ಮಿಥಿಲೀನ್ ಬ್ಲೂ ಹಚ್ಚುವ ಮೊದಲೇ ಡಾಕ್ಟರಿಗೆ ತಿಳಿಸಿ. ಬಾಯಲ್ಲಿ ಎಲ್ಲಾದರೂ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಬೆಳಕು ಆಮೇಲೆ, ಮೊದಲು ಬಯಾಪ್ಸಿ ಬೇಕಾ ಅಂತ ಕೇಳಿ.