ಮೂಳೆ ಹುಡುಕುವ ದುಡ್ಡು ದಂಡವೇ?

ಕೋಲಾರದ ಓದುಗರೊಬ್ಬರು ಬರೆದಿದ್ದಾರೆ: ‘ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಟರಾವಾದಲ್ಲಿ ಸತ್ತು, ಹೆಣವೂ ಇನ್ನೂ ಸಿಗದ ಅಮೆರಿಕದ ಮರೀನ್ (ನೌಕಾ ಕಾಲಾಳು ಪಡೆ) ಹುಡುಗರ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಎಂಬತ್ತು ವರ್ಷ ಹಳೆಯ ಮೂಳೆ ಹುಡುಕಲು ಅಮೆರಿಕ ಇಷ್ಟು ದುಡ್ಡು ಸುರಿಯಬೇಕೇ? ಬದುಕಿರುವ ಸೈನಿಕರಿಗೆ ಕೊಡಬಾರದೇ? ನಮ್ಮಜ್ಜನ ಅಣ್ಣ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿ, ಮೊದಲ ಮಹಾಯುದ್ಧಕ್ಕೆ ಇರಾಕಿನ ಬಸ್ರಾ ಕಡೆ ಹೋದವರು ವಾಪಸ್ ಬರಲಿಲ್ಲ. ಮನೆಯವರು ಸುಮ್ಮನಾಗಲಿಲ್ಲವೇ?’

ಬದುಕಿರುವವರ ಪೆನ್ಷನ್, ಔಷಧಿ ಮೊದಲು ಆಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ ಸ್ವಾಮಿ. ಆ ಹುಡುಗರು ಕಳೆದುಹೋದದ್ದು ಹೇಗೆ ಅಂತ ಕೇಳಿ, ಆಮೇಲೆ ಲೆಕ್ಕ ಹಾಕೋಣ.

1943ರ ನವೆಂಬರ್ 20. ಟರಾವಾದ ಬೆಟಿಯೊ ಅನ್ನುವ ಪುಟ್ಟ ದ್ವೀಪ. ಉದ್ದ ಮೂರು ಕಿಲೋಮೀಟರ್ ಚಿಲ್ಲರೆ, ಅಷ್ಟೆ. ಅವತ್ತು ಸಮುದ್ರದ ನೀರು ಏರಲೇ ಇಲ್ಲ. ದೋಣಿಗಳು ದಡದಿಂದ ದೂರದಲ್ಲೇ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಹುಡುಗರು ನೀರಿಗಿಳಿದು, ಜಪಾನೀಯರ ಮೆಷಿನ್ ಗನ್ನುಗಳ ಎದುರಿಗೇ ನಡೆದರು. 76 ಗಂಟೆಗಳಲ್ಲಿ ಅಮೆರಿಕದ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನವರು ಎಷ್ಟೋ ಜನ.

ಉರಿಬಿಸಿಲು. ಹೆಣಗಳನ್ನು ಜಾಸ್ತಿ ಹೊತ್ತು ಇಡುವ ಹಾಗಿರಲಿಲ್ಲ. ಗೆಳೆಯರೇ ಉದ್ದನೆಯ ಕಂದಕ ತೋಡಿ, ಸಾಲಾಗಿ ಮಲಗಿಸಿ ಮಣ್ಣು ಮಾಡಿದರು. ಆಮೇಲೆ ವಿಮಾನ ನಿಲ್ದಾಣ, ರಸ್ತೆ ಕಟ್ಟುವವರು ನೆಲ ಮಟ್ಟ ಮಾಡಿದರು. ನೋಡಲು ಚೆನ್ನಾಗಿರಲಿ ಅಂತ ಅಚ್ಚುಕಟ್ಟಾಗಿ ಬಿಳಿ ಶಿಲುಬೆಗಳನ್ನೂ ನೆಟ್ಟರು. 1946ರಲ್ಲಿ ಸೇನೆಯ ತಂಡ ಬಂದು ಅಗೆದರೆ, ಎಷ್ಟೋ ಶಿಲುಬೆಗಳ ಕೆಳಗೆ ಯಾರೂ ಇರಲಿಲ್ಲ! ಹೆಚ್ಚುಕಡಿಮೆ ಅರ್ಧದಷ್ಟು ಜನ ಸಿಗಲೇ ಇಲ್ಲ. 1949ರಲ್ಲಿ ‘ಇನ್ನು ಸಿಗುವುದಿಲ್ಲ’ ಎಂದು ಸೇನೆ ಕಡತ ಮುಚ್ಚಿತು.

ಗುಂಡಿಗೆ ಬಲಿಯಾದವರ ಗೋರಿಯನ್ನು ಅವರದೇ ಸರ್ಕಾರ ಕಳೆದುಹಾಕಿತು. ಕಳೆದವರೇ ಹುಡುಕಿಕೊಡಬೇಕು, ಅಲ್ವಾ? ಇದು ದಾನಧರ್ಮದ ಮಾತಲ್ಲ, ಬಾಕಿ ತೀರಿಸುವ ಮಾತು.

ಸಿಗುವುದಿಲ್ಲ ಅಂದದ್ದೂ ಸುಳ್ಳಾಯಿತು. ಅಲೆಕ್ಸಾಂಡರ್ ಬಾನಿಮನ್ ಅಲ್ಲೇ ಸತ್ತ ಅಧಿಕಾರಿ. ಅವರಿಗೆ ಕೊಟ್ಟ, ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರನ್ನು 1947ರಲ್ಲಿ ಪುಟ್ಟ ಮಗಳು ಪಡೆದಳು. ಅಪ್ಪ ಎಲ್ಲಿ ಮಲಗಿದ್ದಾರೆಂದು ಗೊತ್ತಿರಲಿಲ್ಲ. 2015ರಲ್ಲಿ ಹಿಸ್ಟರಿ ಫ್ಲೈಟ್ ಎಂಬ ಖಾಸಗಿ ಸಂಸ್ಥೆ ಅಗೆದಾಗ ಸಿಕ್ಕ ಸಾಲಿನಲ್ಲಿ ಅವರೂ ಇದ್ದರು. ಗುರುತು ಹತ್ತಿದ್ದು ಹಲ್ಲಿಗೆ ತುಂಬಿಸಿದ್ದ ಚಿನ್ನದಿಂದ. ಮೊಮ್ಮಗ ಅಲ್ಲೇ ನಿಂತಿದ್ದರು. ಆ ಕುಟುಂಬಕ್ಕೆ ಹೋಗಿ ನೀವು ಖರ್ಚಿನ ಲೆಕ್ಕ ಹೇಳುತ್ತೀರಾ? ಹೇಳಲಾರಿರಿ. ನಿಮ್ಮ ಪತ್ರದ ಕೊನೆಯ ಸಾಲು ನೋಡಿದರೆ ಗೊತ್ತಾಗುತ್ತದೆ, ನಿಮಗೂ ಆ ನೋವು ಇದೆ.

ಈಗ ಬಸ್ರಾಕ್ಕೆ ಬನ್ನಿ. ಅಲ್ಲಿ ಗೋರಿ ಸಿಗದವರಿಗೆ ಬ್ರಿಟಿಷರು ಕಟ್ಟಿಸಿದ ಸ್ಮಾರಕವಿದೆ. ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಸಾಮಾನ್ಯ ಸಿಪಾಯಿಗಳದ್ದು ಪಡೆವಾರು ಬರೀ ಸಂಖ್ಯೆ. ಇಂಥ ತಾರತಮ್ಯವನ್ನು, ಯುದ್ಧದಲ್ಲಿ ಸತ್ತವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ನಿಮ್ಮ ಕೋಲಾರದ ಸುತ್ತ ಎಷ್ಟೊಂದು ವೀರಗಲ್ಲುಗಳಿವೆ ನೋಡಿ. ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತವನಿಗೂ ಊರವರು ಕಲ್ಲು ನಿಲ್ಲಿಸಿ, ಹೆಸರು ಬರೆಸಿದರು. ಅಂಥ ನಾಡಿನಿಂದ ಹೋದವರು ಸಾಮ್ರಾಜ್ಯಕ್ಕಾಗಿ ಸತ್ತು ಅಂಕಿಯಾದರು. ಸ್ವಾತಂತ್ರ್ಯ ಬಂದ ಮೇಲೆ ನಾವಾದರೂ ಕೇಳಿದೆವೇ? ಜಯಂತಿ, ಮೆರವಣಿಗೆಗೆ ನಮ್ಮಲ್ಲಿ ದುಡ್ಡಿದೆ. ಹೋದವರ ಪಟ್ಟಿ ಹಿಡಿದು ಹಳ್ಳಿಹಳ್ಳಿಗೆ ಹೋಗಲು ಯಾರಿಗೂ ಪುರಸೊತ್ತಿಲ್ಲ.

ನಿಮ್ಮ ಮನೆಯವರು ಸುಮ್ಮನಾದರು ಅಂದಿರಿ. ಕೇಳುವವರೇ ಇಲ್ಲದಾಗ ಇನ್ನೇನು ಮಾಡಿಯಾರು? ಆ ದೊಡ್ಡಜ್ಜನ ಹೆಸರೇನು, ಯಾವ ಊರು, ಯಾವ ಕಂಪನಿಯಲ್ಲಿದ್ದರು? ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲೇ ಹೆಸರು ಹಾಕುತ್ತೇವೆ.

– ಸಂಪಾದಕ