ಹ್ಯಾಂಡ್ ಬ್ರೇಕ್ ಇಳಿಸಿದರೂ ಬಿಡದ ಚಕ್ರ

ಮಳೆ ಹಿಡಿದ ಮೇಲೆ ಮಂಡ್ಯ, ಮೈಸೂರು ಕಡೆಯ ಪಿಕಪ್ ಮಾಲೀಕರು ಹ್ಯಾಂಡ್ ಬ್ರೇಕ್ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದು, ಕೇಬಲ್ ಎಳೆದು ಅದೇ ಡ್ರಮ್ಮನ್ನು ಹಿಡಿಸುವ ಗಾಡಿಗಳಿಗೆಲ್ಲ ಈ ಉತ್ತರಗಳು ಹೊಂದುತ್ತವೆ. ಬೊಲೆರೊ ಪಿಕಪ್, ಟಾಟಾ ಏಸ್ ಎರಡೂ ಇದೇ ಜಾತಿಯವು.

ಪ್ರಶ್ನೆ: ಆಲೆಮನೆಯಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ ಸಾಗಿಸುವ ಪಿಕಪ್ ಇದೆ. ಎರಡು ದಿನ ಮಳೆಯಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಇಳಿಸಿದರೂ ಎಡಗಡೆ ಹಿಂದಿನ ಚಕ್ರ ಅಲ್ಲಾಡುವುದಿಲ್ಲ. ಗೇರ್ ಹಾಕಿ ಎಳೆದರೆ 'ಟಕ್' ಅಂತ ಬಿಡುತ್ತದೆ. ಗ್ಯಾರೇಜಿನಲ್ಲಿ ಕೇಬಲ್ ಬದಲಾಯಿಸಿದರು. ಸ್ವಲ್ಪ ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಏನು ಮಾಡಬೇಕು? (ಪಾಂಡವಪುರ)

ಉತ್ತರ: 'ಟಕ್' ಅಂದಮೇಲೆ ಚಕ್ರ ದಿನವಿಡೀ ಬಿಸಿಯಾಗದೆ ಓಡುತ್ತದೆಯೇ ಎಂಬುದನ್ನು ಮೊದಲು ಗಮನಿಸಿ. ಹಾಗೆ ಓಡಿದರೆ ಲೈನರ್ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಕಮಾನಿನಂಥ ಶೂಗಳ ಮೇಲಿನ ಉಜ್ಜುವ ಪಟ್ಟಿ) ಡ್ರಮ್‌ಗೆ ತುಕ್ಕಿನಿಂದ ಅಂಟಿಕೊಂಡಿತ್ತು, ಅಷ್ಟೇ. ಡ್ರಮ್ ಎರಕದ ಕಬ್ಬಿಣದ್ದು. ಅದು ಒದ್ದೆಯಿರುವಾಗ ಲೈನರ್ ಒತ್ತಿ ಕೂತರೆ ನಡುವೆ ತುಕ್ಕು ಬೇಗ ಬೆಳೆಯುತ್ತದೆ. ಇದಕ್ಕೂ ಕೇಬಲ್‌ಗೂ ಸಂಬಂಧವೇ ಇಲ್ಲ. ಬಿಟ್ಟಮೇಲೂ ರಿಮ್ ಬಿಸಿಯಾಗುತ್ತಿದ್ದರೆ ಅಥವಾ ನ್ಯೂಟ್ರಲ್‌ನಲ್ಲಿ ಗಾಡಿ ಮೊದಲಿನಂತೆ ಉರುಳದಿದ್ದರೆ, ಒಳಗೆ ಇನ್ನೇನೋ ಹಿಡಿದಿದೆ.

ಅದನ್ನು ಪತ್ತೆ ಹಚ್ಚಬೇಕಾದರೆ ಚಕ್ರ ಹಿಡಿದುಕೊಂಡಿರುವಾಗಲೇ ನೋಡಬೇಕು. ಬೆಳಗ್ಗೆ ಗೇರ್ ಹಾಕಿ ಬಿಡಿಸಿಕೊಂಡು ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್‌ಗೆ ಕಾಣುವುದು ಸರಿಯಾಗಿರುವ ಗಾಡಿ. ಅವರು ಊಹೆಯ ಮೇಲೆ ಕೇಬಲ್ ಹಾಕುತ್ತಾರೆ. ಗಾಡಿ ಖಾಲಿ ಮಾಡಿ, ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಡಿ. ಗಟ್ಟಿ, ಸಮತಟ್ಟಾದ ನೆಲದಲ್ಲಿ ಹಿಂದಿನ ಆಕ್ಸಲ್ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗಿರಲಿ.

ಚಾಸಿ ಕೆಳಗೆ ಎಡ, ಬಲದ ಕೇಬಲ್‌ಗಳು ಬಂದು ಸೇರುವ ಈಕ್ವಲೈಜರ್ ಹತ್ತಿರ ಎಡಗಡೆಯದನ್ನು ಕಳಚಿ, ಚಕ್ರ ತಿರುಗಿಸಿ ನೋಡಿ. ತಿರುಗಿದರೆ ಎಳೆತ ಮುಂದಿನಿಂದ ಬರುತ್ತಿದೆ: ಲಿವರ್, ಮುಂದಿನ ಕೇಬಲ್, ಇಲ್ಲವೇ ಓರೆಯಾಗಿ ಕಚ್ಚಿಕೊಂಡ ಈಕ್ವಲೈಜರ್. ತಿರುಗದಿದ್ದರೆ ಕಳಚಿದ ತುದಿಯನ್ನು ಕೈಯಲ್ಲಿ ಎಳೆದು ಬಿಡಿ. ಒಳತಂತಿ ತಾನಾಗಿಯೇ ವಾಪಸ್ ಹೋಗಬೇಕು. ಹೋಗಲಿಲ್ಲವೆಂದರೆ ಒಂದೋ ಕೇಬಲ್ ಒಳಗೆ ತುಕ್ಕು, ಇಲ್ಲವೋ ಡ್ರಮ್ ಒಳಗಿನ ಲಿವರ್ ಬಿಗಿದಿದೆ. ತಂತಿ ಸರಾಗವಾಗಿ ಹೋಗಿ ಬಂದೂ ಚಕ್ರ ತಿರುಗದಿದ್ದರೆ ಆ ಚಕ್ರದ ಬ್ಲೀಡರ್ ನಿಪ್ಪಲ್‌ಗೆ (ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಪೈಪ್ ಸಿಕ್ಕಿಸಿ ಅರ್ಧ ಸುತ್ತು ಸಡಿಲಿಸಿ. ಆಯಿಲ್ ಒತ್ತಡದಿಂದ ಹಾರಿ ಚಕ್ರ ಬಿಟ್ಟರೆ ದೋಷ ಕಾಲು ಬ್ರೇಕಿನ ಲೈನಿನದು. ಆದರೆ ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಬರುವುದು ಒಂದೇ ರಬ್ಬರ್ ಹೋಸ್. ಅದು ಕಟ್ಟಿಕೊಂಡರೆ ಎರಡೂ ಚಕ್ರ ಹಿಡಿಯಬೇಕು. ನಿಮ್ಮಲ್ಲಿ ಒಂದೇ ಹಿಡಿಯುತ್ತಿದೆ, ಹೊಸ ಕೇಬಲ್ ಹಾಕಿಯೂ ಆಗಿದೆ. ಹಾಗಾಗಿ ನಮ್ಮ ಅನುಮಾನ ಡ್ರಮ್ ಒಳಭಾಗದ ಮೇಲೆಯೇ. ಅದನ್ನು ಬಿಚ್ಚದೆ ಕೇಬಲ್ ಮಾತ್ರ ಬದಲಿಸಿದ್ದು ಅರ್ಧ ಕೆಲಸ.

ಡ್ರಮ್ ಈಚೆ ಬರದಿದ್ದರೆ ಸುತ್ತಿಗೆಯಿಂದ ಅಂಚಿಗೆ ಹೊಡೆಯಬೇಡಿ, ಎರಕದ ಕಬ್ಬಿಣ ಚೂರಾಗುತ್ತದೆ. ಹಳೆಯ ಡ್ರಮ್‌ನಲ್ಲಿ ಲೈನರ್ ಸವೆಸಿದ ಜಾಗದ ಪಕ್ಕ ಏಣು ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಬ್ಯಾಕ್ ಪ್ಲೇಟಿನ (ಡ್ರಮ್ ಹಿಂದೆ ಶೂಗಳನ್ನು ಹೊತ್ತ ತಟ್ಟೆ) ಹಿಂದಿರುವ ರಬ್ಬರ್ ಬಿರಡೆ ತೆಗೆದು, ಆ ಕಿಂಡಿಯಿಂದ ಸ್ಕ್ರೂ ಡ್ರೈವರ್ ಹಾಕಿ, ಶೂಗಳನ್ನು ಡ್ರಮ್‌ಗೆ ಹತ್ತಿರ ಇಡುವ ಅಡ್ಜಸ್ಟರ್‌ನ ಹಲ್ಲು ಹಿಂದಕ್ಕೆ ತಿರುಗಿಸಿದರೆ ಶೂ ಒಳಕ್ಕೆ ಸರಿಯುತ್ತದೆ. ಕೆಲವು ಡ್ರಮ್‌ಗಳ ಮುಖದಲ್ಲಿ ಮರೆ (ಥ್ರೆಡ್) ಕೊರೆದ ಎರಡು ತೂತುಗಳಿರುತ್ತವೆ. ಎರಡಕ್ಕೂ ಬೋಲ್ಟ್ ಹಾಕಿ ಸಮವಾಗಿ ಬಿಗಿದರೆ ಡ್ರಮ್ ಹಬ್‌ನಿಂದ ಎದ್ದು ಬರುತ್ತದೆ.

ಆ ರಬ್ಬರ್ ಬಿರಡೆ ನಿಮ್ಮ ಗಾಡಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಅಡ್ಜಸ್ಟ್ ಮಾಡಿದವರು ಅದನ್ನು ವಾಪಸ್ ಹಾಕದೇ ಬಿಡುವುದು ಸಾಮಾನ್ಯ. ನಾಲೆ ಏರಿಯ ಮೇಲೆ, ಗದ್ದೆ ಬಯಲಿನ ಕೆಸರಿನಲ್ಲಿ ಓಡಾಡುವ ಗಾಡಿಗೆ ಅಷ್ಟು ಸಣ್ಣ ಕಿಂಡಿ ಸಾಕು, ಒಂದೇ ಮಳೆಗಾಲದಲ್ಲಿ ಡ್ರಮ್ ಒಳಗೆ ಮಣ್ಣು ಗಟ್ಟಿಯಾಗಿ ಕೂರುತ್ತದೆ.

ಒಳಗೆ ನೋಡಬೇಕಾದ ಜಾಗಗಳಲ್ಲಿ ಮೊದಲನೆಯದು ಕೇಬಲ್ ತುದಿ ಸಿಕ್ಕಿಸುವ ಲಿವರ್. ಇದು ಒಂದು ಶೂಗೆ ಪಿನ್ನಿನಿಂದ ಜೋಡಿಸಿರುತ್ತದೆ. ಪಿನ್ ತುಕ್ಕು ಹಿಡಿದರೆ ಕೇಬಲ್ ಎಳೆದಾಗ ಲಿವರ್ ಬರುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ನಿಮ್ಮ ಲಕ್ಷಣಕ್ಕೆ ಇದೇ ಹೆಚ್ಚು ಹೊಂದುತ್ತದೆ. ಎರಡನೆಯದು, ಶೂ ಉಜ್ಜುತ್ತಾ ಚಲಿಸುವ ಬ್ಯಾಕ್ ಪ್ಲೇಟಿನ ಉಬ್ಬುಗಳು, ಸಾಮಾನ್ಯವಾಗಿ ಒಂದೊಂದು ಶೂಗೆ ಮೂರು. ಅಲ್ಲಿ ತೋಡು ಬಿದ್ದಿದ್ದರೆ ಶೂ ಆ ತೋಡಿನಲ್ಲೇ ಸಿಕ್ಕಿ ನಿಲ್ಲುತ್ತದೆ. ಸಣ್ಣದಾದರೆ ಅರ ಹಾಕಿ ನುಣುಪು ಮಾಡಿ. ಆಳವಾಗಿದ್ದರೆ ವೆಲ್ಡ್ ತುಂಬಿಸಿ ತಿಕ್ಕಿಸಿ, ಇಲ್ಲವೇ ಪ್ಲೇಟ್ ಬದಲಿಸಿ. ರಿಟರ್ನ್ ಸ್ಪ್ರಿಂಗಿನ ಸುತ್ತುಗಳ ನಡುವೆ ಸಂದು ಕಾಣುತ್ತಿದ್ದರೆ, ಬಿಸಿಗೆ ಬಣ್ಣ ಕೆಟ್ಟಿದ್ದರೆ ಅದು ಸತ್ತಿದೆ, ಎರಡೂ ಚಕ್ರಕ್ಕೆ ಹೊಸದು ಹಾಕಿ. ಕಾಲು ಬ್ರೇಕ್ ಒತ್ತಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಕವರ್ ಎತ್ತಿ ನೋಡಿ, ಒಳಗೆ ತೇವ ಇದ್ದರೆ ಸೋರುತ್ತಿದೆ. ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಒಳಗಿನ ರಬ್ಬರ್‌ಗಳ ಕಿಟ್ ಹಾಕುವುದಕ್ಕಿಂತ ಪೂರ್ತಿ ಸಿಲಿಂಡರ್ ಬದಲಿಸುವುದೇ ಮೇಲು.

ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯೂ ಉಂಟು. ಬ್ರೇಕ್ ಕ್ಲೀನರ್ ಅಥವಾ ಒದ್ದೆ ಬಟ್ಟೆಯಿಂದ ಒರೆಸಿ. ಡೀಸೆಲ್, ಸೀಮೆಎಣ್ಣೆ ಲೈನರ್ ಹತ್ತಿರ ಸುಳಿಯಬಾರದು. ಲಿವರ್ ಪಿನ್, ಆರು ಉಬ್ಬುಗಳು ಮತ್ತು ಅಡ್ಜಸ್ಟರ್ ಮರೆಗೆ ಹೆಚ್ಚು ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ. ಚಾಸಿಗೆ ಹೊಡೆಯುವ ಮಾಮೂಲಿ ಗ್ರೀಸ್ ಬಿಸಿಗೆ ಕರಗಿ ಲೈನರ್ ಮೇಲೆ ಇಳಿಯುತ್ತದೆ.

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ, ಜೋಡಿಸುವಾಗ ಇನ್ನೊಂದು ಕಡೆ ನೋಡಿಕೊಳ್ಳಬಹುದು. ಅಡ್ಜಸ್ಟರ್‌ಗಳು ಸಾಮಾನ್ಯವಾಗಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಮರೆಯ ದಿಕ್ಕೇ ಬೇರೆಯಾಗಿರುತ್ತದೆ. ಅದಲು ಬದಲಾದರೆ ತಾನಾಗಿ ಅಡ್ಜಸ್ಟ್ ಆಗುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ.

ಇನ್ನು ಮುಂದೆ ವಾಟರ್ ಸರ್ವಿಸ್ ಮಾಡಿಸಿದಾಗ, ನೀರು ನಿಂತ ರಸ್ತೆ ದಾಟಿ ಬಂದಾಗ, ಹಿಂದೆ ಗಾಡಿ ಇಲ್ಲದ ಕಡೆ ಸ್ವಲ್ಪ ದೂರ ಬ್ರೇಕ್ ಹಗುರವಾಗಿ ಒತ್ತಿ ಓಡಿಸಿ, ಡ್ರಮ್ ಒಣಗುತ್ತದೆ. ದಿನಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟಾದ ಜಾಗ ನೋಡಿ, ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿಡಿ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಸಾಲದೆಂದು ಎರಡು ಮೂರು ತಿಂಗಳಿಗೊಮ್ಮೆ ಕೇಬಲ್ ಬಿಗಿ ಮಾಡಿಸುತ್ತೇನೆ. ಈಗ ಹಿಂದಿನ ಎರಡೂ ಚಕ್ರ ಬಿಸಿಯಾಗುತ್ತಿವೆ, ಡೀಸೆಲ್ ಕೂಡ ಜಾಸ್ತಿ ಕುಡಿಯುತ್ತಿದೆ. (ನಂಜನಗೂಡು)

ಉತ್ತರ: ಇನ್ನು ಮುಂದೆ ಕೇಬಲ್ ಬಿಗಿ ಮಾಡಿಸಲೇಬೇಡಿ. ಹಿಡಿದುಕೊಳ್ಳುವ ಹ್ಯಾಂಡ್ ಬ್ರೇಕ್‌ಗಳಲ್ಲಿ ಬಹಳಷ್ಟನ್ನು ನಾವೇ ಹೀಗೆ ಬಿಗಿದು ಬಿಗಿದು ಮಾಡಿಕೊಂಡಿರುತ್ತೇವೆ. ಲೈನರ್ ಸವೆದಂತೆ ಶೂಗೂ ಡ್ರಮ್‌ಗೂ ಅಂತರ ಹೆಚ್ಚುತ್ತದೆ. ಆ ಅಂತರವನ್ನು ತುಂಬಬೇಕಾದ್ದು ಡ್ರಮ್ ಒಳಗಿನ ಅಡ್ಜಸ್ಟರ್. ಅದನ್ನು ಮುಟ್ಟದೆ ಕೇಬಲ್ ಎಳೆದರೆ ಒಳಗಿನ ಲಿವರ್ ತನ್ನ ವಿಶ್ರಾಂತಿಯ ಜಾಗಕ್ಕೆ ಮರಳುವುದೇ ಇಲ್ಲ, ಶೂ ಸದಾ ಸ್ವಲ್ಪ ತೆರೆದೇ ಇರುತ್ತದೆ. ಅಡ್ಜಸ್ಟರ್ ತಾನಾಗಿ ಮುಂದೆ ಸರಿಯುವುದೂ ನಿಂತುಹೋಗುತ್ತದೆ. ಹೀಗಾಗಿ ಸವೆತ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಮತ್ತೆ ಕೇಬಲ್ ಬಿಗಿಯುತ್ತೇವೆ.

ಕ್ರಮ ಹೀಗಿರಲಿ. ಮೊದಲು ಕೇಬಲ್ ನಟ್ ಪೂರ್ತಿ ಸಡಿಲ ಮಾಡಿ. ಡ್ರಮ್ ತೆಗೆದು ಲೈನರ್ ಅಳೆಯಿರಿ. ರಿವೆಟ್ ಹಾಕಿದ್ದಾದರೆ ರಿವೆಟ್ ತಲೆ ಡ್ರಮ್‌ಗೆ ತಾಗುವ ಮುನ್ನವೇ ಬದಲಿಸಬೇಕು, ಅಂಟಿಸಿದ್ದಾದರೆ ಸುಮಾರು 2 ಮಿ.ಮೀ.ಗೆ ಇಳಿಯುವ ಹೊತ್ತಿಗೆ. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯೂ ಬದಲಿಸಲೇಬೇಕು. ಡ್ರಮ್ ಎಷ್ಟು ಅಗಲಕ್ಕೆ ಸವೆಯಬಹುದು ಎಂಬ ಗರಿಷ್ಠ ಅಳತೆ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಮೀರಿದ್ದರೆ ಲೇತ್‌ಗೆ ಹಾಕಿಸದೆ ಹೊಸ ಡ್ರಮ್ ತನ್ನಿ. ಜೋಡಿಸಿದ ಮೇಲೆ ಅಡ್ಜಸ್ಟರನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಆಮೇಲೆ ಲೈನರ್ ಅಲ್ಲಲ್ಲಿ ತೆಳುವಾಗಿ ಉಜ್ಜುವ ಸದ್ದು ಬರುವಷ್ಟು ಹಿಂದಕ್ಕೆ ಬಿಡಿ. ಕಾಲು ಬ್ರೇಕ್ ಹತ್ತು ಸಲ ಒತ್ತಿ, ಶೂಗಳು ಮಧ್ಯಕ್ಕೆ ಕೂರುತ್ತವೆ. ಮತ್ತೊಮ್ಮೆ ತಿರುಗಿಸಿ ನೋಡಿ. ಇಷ್ಟಾದ ಮೇಲೆಯೇ ಕೇಬಲ್ ಸರದಿ. ಲಿವರ್ ಎಷ್ಟು ಕಟಕ್‌ಗೆ ಹಿಡಿಯಬೇಕು ಎಂಬುದು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ಅನುಸರಿಸಿ. ಲಿವರ್ ಪೂರ್ತಿ ಕೆಳಗಿದ್ದಾಗ ಕೇಬಲ್‌ನಲ್ಲಿ ಒಂದಿಷ್ಟು ಸಡಿಲ ಇರಲೇಬೇಕು, ಎರಡೂ ಚಕ್ರ ಕೈಯಲ್ಲಿ ತಿರುಗಬೇಕು.

ಪ್ರಶ್ನೆ: ಎಳನೀರು ಲೋಡ್ ಆದಾಗ ಮಾತ್ರ ಹಿಂದೆ ಬ್ರೇಕ್ ಹಿಡಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಖಾಲಿ ಗಾಡಿಯಲ್ಲಿ ಏನೂ ಇಲ್ಲ. ಗ್ಯಾರೇಜಿನವರು ಖಾಲಿ ಗಾಡಿ ಪರೀಕ್ಷಿಸಿ ಸರಿಯಿದೆ ಎನ್ನುತ್ತಾರೆ. (ಮದ್ದೂರು)

ಉತ್ತರ: ಗ್ಯಾರೇಜಿನವರು ಹೇಳುವುದೂ ಸುಳ್ಳಲ್ಲ, ಖಾಲಿ ಗಾಡಿಯಲ್ಲಿ ಈ ದೋಷ ಕಾಣುವುದಿಲ್ಲ. ಭಾರ ಬಿದ್ದಾಗ ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಅದರ ಜೊತೆ ಆಕ್ಸಲ್ ಸ್ವಲ್ಪ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಚಾಸಿಗೂ ಆಕ್ಸಲ್‌ಗೂ ನಡುವೆ ಕೇಬಲ್‌ಗೆ ಬಾಗಲು ಜಾಗವಿಲ್ಲದಿದ್ದರೆ ಯಾರೂ ಲಿವರ್ ಮುಟ್ಟದೆಯೇ ಬ್ರೇಕ್ ಹತ್ತಿಕೊಳ್ಳುತ್ತದೆ. ಬೇರೆ ಮಾಡೆಲ್ಲಿನ ಗಿಡ್ಡ ಕೇಬಲ್ ಹಾಕಿರಬಹುದು, ಕ್ಲಾಂಪ್ ತಪ್ಪಾದ ಜಾಗದಲ್ಲಿರಬಹುದು, ಅಥವಾ ಎಕ್ಸ್‌ಟ್ರಾ ಪಟ್ಟಿ ಹಾಕಿಸಿ ಗಾಡಿಯ ಎತ್ತರವೇ ಬದಲಾಗಿರಬಹುದು. ಲೋಡ್ ಇರುವಾಗಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿ ಹಾಕದೆ ಪಕ್ಕದಿಂದ ಟಾರ್ಚ್ ಬಿಟ್ಟು ಕೇಬಲ್ ನೋಡಿ. ಹ್ಯಾಂಡ್ ಬ್ರೇಕ್ ಇಳಿಸಿದ್ದರೂ ಅದು ತಂತಿಯಂತೆ ಬಿಗಿದಿದ್ದರೆ ಕಾರಣ ಸಿಕ್ಕಿತು. ಗಾಡಿಯ ಮಾಡೆಲ್ಲಿಗೆ ಸರಿಯಾದ ಉದ್ದದ ಕೇಬಲ್ ಹಾಕಿಸಿ, ಕ್ಲಾಂಪ್‌ಗಳನ್ನು ಮೂಲ ಜಾಗಕ್ಕೆ ತನ್ನಿ. ಕೇಬಲ್ ಸೈಲೆನ್ಸರ್ ಪೈಪಿಗೆ ತಾಗದಂತೆ ನೋಡಿಕೊಳ್ಳಿ, ಹೊರಗಿನ ಪ್ಲಾಸ್ಟಿಕ್ ಕರಗಿದರೆ ನೀರು ಒಳಗಿಳಿಯುವುದು ಅಲ್ಲಿಂದಲೇ. ಲೋಡ್ ಮಿತಿಯೊಳಗಿದೆಯೇ ಎಂಬುದನ್ನೂ ತೂಕ ಹಾಕಿಸಿ ನೋಡಿ.

ಪ್ರಶ್ನೆ: ಲಿವರ್ ಪೂರ್ತಿ ಇಳಿಸಿದರೂ ಮೀಟರ್‌ನಲ್ಲಿ ಬ್ರೇಕ್ ದೀಪ ಆರುವುದಿಲ್ಲ. ಚಕ್ರ ಹಿಡಿದಿಲ್ಲ. (ಮೈಸೂರು)

ಉತ್ತರ: ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಮಟ್ಟ ನೋಡಿ. ಎಷ್ಟೋ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್‌ಗೂ ಆಯಿಲ್ ಕಡಿಮೆಯಾದದ್ದಕ್ಕೂ ಒಂದೇ ದೀಪ. ಮಟ್ಟ ಇಳಿದಿದ್ದರೆ ಸೋರಿಕೆ ಅಥವಾ ಲೈನರ್ ಸವೆತ ಹುಡುಕಿ, ಬರೀ ತುಂಬಿಸಿ ಸುಮ್ಮನಾಗಬೇಡಿ. ತುಂಬುವಾಗ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಮಾತ್ರ. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್‌ಗಳೆಲ್ಲ ಊದಿ ಹಾಳಾಗುತ್ತವೆ. ಮಟ್ಟ ಸರಿಯಿದ್ದರೆ ಲಿವರ್ ಬುಡದ ಸ್ವಿಚ್ ಶುಚಿ ಮಾಡಿ.

ಪ್ರಶ್ನೆ: ಮೇಲುಕೋಟೆ ಬೆಟ್ಟ ಇಳಿದು ಬಂದು ಹ್ಯಾಂಡ್ ಬ್ರೇಕ್ ಹಾಕಿ ಊಟಕ್ಕೆ ಹೋಗಿದ್ದೆವು. ವಾಪಸ್ ಬಂದರೆ ಲೋಡ್ ಗಾಡಿ ಅಲ್ಲಾಡಲಿಲ್ಲ. ದಾರಿಯಲ್ಲಿ ಹೀಗಾದರೆ ಏನು ಮಾಡಬಹುದು? (ನಾಗಮಂಗಲ)

ಉತ್ತರ: ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಡ್ರಮ್ ಬಿಸಿಯಾಗಿ ಹಿಗ್ಗಿರುತ್ತದೆ. ಆಗ ಶೂ ಒತ್ತಿ ಬಿಟ್ಟುಹೋದರೆ, ಆರಿದಂತೆ ಡ್ರಮ್ ಕುಗ್ಗಿ ಶೂವನ್ನು ಬಿಗಿಯಾಗಿ ಕಚ್ಚುತ್ತದೆ. ಹಾಗಾಗಿ ಬೆಟ್ಟ ಇಳಿಯುವಾಗ ಕೆಳಗಿನ ಗೇರ್‌ನಲ್ಲಿ ಇಳಿದು, ಸಮತಟ್ಟಾದ ಕಡೆ ಗೇರ್ ಮತ್ತು ಅಡ್ಡ ಕಟ್ಟಿಗೆಯ ಮೇಲೆ ನಿಲ್ಲಿಸಿ, ಡ್ರಮ್ ಆರಿದ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ.

ಹಿಡಿದೇ ಬಿಟ್ಟರೆ ಚಕ್ರಗಳಿಗೆ ಅಡ್ಡ ಕೊಟ್ಟು, ಕಾಲು ಬ್ರೇಕ್ ಒತ್ತಿಕೊಂಡು, ಲಿವರನ್ನು ಒಂದು ಕೂದಲಷ್ಟು ಮೇಲೆತ್ತಿ ಗುಂಡಿ ಒತ್ತಿ ಇಳಿಸಿ. ಅಡ್ಡವನ್ನು ಒಂದಡಿ ದೂರ ಸರಿಸಿ, ರಿವರ್ಸ್, ಫಸ್ಟ್ ಎರಡರಲ್ಲೂ ಕ್ಲಚ್ ಹಗುರವಾಗಿ ಬಿಟ್ಟು ಒಮ್ಮೊಮ್ಮೆ ತೂಗಿ ನೋಡಿ. ಎಂಜಿನ್ ರೇಸ್ ಮಾಡಿ ಎಳೆದರೆ ಲೈನರ್ ಶೂನಿಂದ ಕಿತ್ತು ಡ್ರಮ್ ಒಳಗೆ ಸಿಕ್ಕಿಕೊಳ್ಳುತ್ತದೆ, ಆಗ ಚಕ್ರ ಬಿಡಿಸುವುದು ಇನ್ನೂ ಕಷ್ಟ. ಬಿಡದಿದ್ದರೆ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡವನ್ನು ಮತ್ತೆ ಒತ್ತಿ ಕೊಟ್ಟು, ಈಕ್ವಲೈಜರ್ ಬಳಿಯ ಲಾಕ್ ನಟ್, ಅಡ್ಜಸ್ಟ್ ನಟ್ ಎರಡನ್ನೂ ಕೊನೆಯವರೆಗೆ ಸಡಿಲಿಸಿ. ಮರೆಯ ಮಣ್ಣು ಕೆರೆದು ಎರಡು ಹನಿ ಎಣ್ಣೆ ಬಿಟ್ಟರೆ ನಟ್ ಬರುತ್ತದೆ. ಆಗಲೂ ಬಿಡದಿದ್ದರೆ ಬ್ಯಾಕ್ ಪ್ಲೇಟ್ ಕಿಂಡಿಯಿಂದ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಬೇಕು. ಹೊಗೆ ಬರುತ್ತಿದ್ದರೆ ನೀರು ಹೊಯ್ಯಬೇಡಿ, ಕಾದ ಎರಕದ ಕಬ್ಬಿಣ ಸೀಳುತ್ತದೆ. ಅರ್ಧ ಮುಕ್ಕಾಲು ಗಂಟೆ ಹಾಗೆಯೇ ಆರಲು ಬಿಡಿ.

ಬಿಟ್ಟ ಮೇಲೆ ಅಡ್ಡ ಕೊಟ್ಟಿದ್ದ ಕಲ್ಲನ್ನು ರಸ್ತೆಯಿಂದ ತೆಗೆದೇ ಹೊರಡಿ, ರಾತ್ರಿ ಬೈಕಿನವರ ಪ್ರಾಣ ಹೋಗುವುದು ಅಂಥ ಕಲ್ಲಿನಿಂದ. ಕಾಲು ಬ್ರೇಕ್ ಸರಿಯಾಗಿ ಹಿಡಿಯುತ್ತದೆಯೇ ಎಂದು ನಿಧಾನ ವೇಗದಲ್ಲಿ ಒತ್ತಿ ನೋಡಿ. ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿದ್ದರೆ ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ಅಂಥ ಗಾಡಿಯನ್ನು ಲೋಡ್ ಸಮೇತ ದೂರ ಓಡಿಸದೆ ಹತ್ತಿರದ ಗ್ಯಾರೇಜಿಗಷ್ಟೇ ಒಯ್ಯಿರಿ. ದಾರಿಯಲ್ಲಿ ಐದಾರು ಕಿ.ಮೀ.ಗೊಮ್ಮೆ ನಿಲ್ಲಿಸಿ, ರಿಮ್ ಮುಟ್ಟದೆ ಹತ್ತಿರ ಕೈ ಹಿಡಿಯಿರಿ. ಒಂದು ಕಡೆ ಮಾತ್ರ ಝಳ ಹೊಡೆಯುತ್ತಿದ್ದರೆ ಅಲ್ಲೇ ನಿಲ್ಲಿಸಿ, ಲೋಡನ್ನು ಬೇರೆ ಗಾಡಿಗೆ ಬದಲಿಸಿ.